ಸಬ್‌ವೂಫರ್ ತರುವ ಮೊದಲು ಕುರ್ಚಿ ಸರಿಸಿ

ಓದುಗರ ಪ್ರಶ್ನೆ: ಉಡುಪಿಯ ಅಂಬಲಪಾಡಿಯಲ್ಲಿ ನಮ್ಮ ಮನೆಯ ಮೇಲಿನ ಕೋಣೆಯನ್ನು ಸ್ಟುಡಿಯೋ ಮಾಡಿಕೊಂಡಿದ್ದೇನೆ. ಉದ್ದ 12 ಅಡಿ, ಅಗಲ 10 ಅಡಿ, ಎತ್ತರವೂ 10 ಅಡಿ. ಮುರಕಲ್ಲಿನ ಗೋಡೆಗೆ ಸಿಮೆಂಟ್ ಸಾರಣೆ, ಕಾಂಕ್ರೀಟ್ ತಾರಸಿ, ನೆಲಕ್ಕೆ ಟೈಲ್ಸ್. 7 ಇಂಚಿನ ಮಾನಿಟರ್ ಸ್ಪೀಕರ್‌ಗಳನ್ನು ಎದುರಿನ ಗೋಡೆಯಿಂದ ಎರಡೂವರೆ ಅಡಿ ಮುಂದೆ ಮೇಜಿನ ಮೇಲೆ ಇಟ್ಟಿದ್ದೇನೆ. ನಾನು ಕೂರುವುದು ಕೋಣೆಯ ಸರಿ ಮಧ್ಯದಲ್ಲಿ. ಗೋಡೆ ತುಂಬ ಒಂದಿಂಚಿನ ಪಿರಮಿಡ್ ಫೋಮ್ ಅಂಟಿಸಿದ್ದೇನೆ. ತುಳು ಹಾಡುಗಳು, ಯಕ್ಷಗಾನದ ಪದ್ಯಗಳನ್ನು ಮಿಕ್ಸ್ ಮಾಡುತ್ತೇನೆ. ಕೋಣೆಯಲ್ಲಿ ಚಂದ ಕೇಳುತ್ತದೆ. ಕಾರಿಗೆ ಹಾಕಿದರೆ ಬೇಸ್ ಗುಂಯ್ ಅನ್ನುತ್ತದೆ, ಮೊಬೈಲ್‌ನಲ್ಲಿ ಚೆಂಡೆ ಕಿವಿಗೆ ಚುಚ್ಚುತ್ತದೆ. ಸಬ್‌ವೂಫರ್ (ಬೇಸ್‌ಗೆಂದೇ ಇರುವ ಸ್ಪೀಕರ್) ತೆಗೆದುಕೊಳ್ಳಲೇ? ಸ್ಪೀಕರ್ ಕ್ಯಾಲಿಬ್ರೇಶನ್ ಸಾಫ್ಟ್‌ವೇರ್ ಕೊಳ್ಳಲೇ? ಅಥವಾ ಊರಿನ ತೋಟದಲ್ಲಿರುವ ಅಜ್ಜನ ಹಂಚಿನ ಮನೆಗೆ ಸ್ಟುಡಿಯೋ ಸಾಗಿಸಲೇ?

ಉತ್ತರ: ಸದ್ಯಕ್ಕೆ ಮೂರರಲ್ಲಿ ಯಾವುದೂ ಬೇಡ. ನಿಮ್ಮ ಮಾನಿಟರ್ ಹಾಳಾಗಿಲ್ಲ, ನಿಮ್ಮ ಕಿವಿಯೂ ಸರಿ ಇದೆ. ಎರಡರ ನಡುವೆ ಇರುವ ಕೋಣೆ ಸುಳ್ಳು ಹೇಳುತ್ತಿದೆ. ತಕ್ಕಡಿಯೇ ತಪ್ಪಾಗಿದ್ದರೆ ಅಂಗಡಿಯವನು ಎಷ್ಟು ಪ್ರಾಮಾಣಿಕನಾದರೂ ಗಿರಾಕಿಯ ಚೀಲಕ್ಕೆ ಬೀಳುವುದು ತಪ್ಪು ತೂಕದ ಅಕ್ಕಿಯೇ, ಅಲ್ವಾ? ಕೋಣೆ ಯಾವುದನ್ನು ನುಂಗುತ್ತದೋ ಅದನ್ನು ನೀವು ಮಿಕ್ಸ್‌ನಲ್ಲಿ ಏರಿಸುತ್ತೀರಿ. ಯಾವುದನ್ನು ಉಬ್ಬಿಸುತ್ತದೋ ಅದನ್ನು ಇಳಿಸುತ್ತೀರಿ. ನೀವು ಹೇಳಿದ ಎರಡೂ ದೂರುಗಳು, ಕೆಳಗಿನ ಗುಂಯ್ ಮತ್ತು ಮೇಲಿನ ಚುಚ್ಚು, ಹೀಗೆಯೇ ಹುಟ್ಟಿದವು.

ಬೇಸ್‌ನಿಂದ ಶುರು ಮಾಡೋಣ. ಎದುರುಬದುರಾದ ಎರಡು ಗಟ್ಟಿ ಗೋಡೆಗಳ ನಡುವೆ ಶಬ್ದ ಹೋಗಿ ಬರುವಾಗ ಕೆಲವು ಆವರ್ತನಗಳು ಅಲ್ಲೇ ಬೀಡುಬಿಡುತ್ತವೆ. ಇವಕ್ಕೆ ರೂಮ್ ಮೋಡ್ ಅನ್ನುತ್ತಾರೆ. ಲೆಕ್ಕ ಸುಲಭ. ಶಬ್ದದ ವೇಗವನ್ನು ಗೋಡೆಗಳ ಅಂತರದ ಎರಡು ಪಟ್ಟಿನಿಂದ ಭಾಗಿಸಬೇಕು, ಅಷ್ಟೇ. ನಮ್ಮ ಕರಾವಳಿಯ 30 ಡಿಗ್ರಿ ಸೆಕೆಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 349 ಮೀಟರ್ ಓಡುತ್ತದೆ. ನಿಮ್ಮ 12 ಅಡಿ ಅಂದರೆ 3.66 ಮೀಟರ್. ಹಾಗಾಗಿ ಉದ್ದದ ದಿಕ್ಕಿನ ಮೊದಲ ಮೋಡ್ 48 ಹರ್ಟ್ಜ್ ಆಸುಪಾಸು, ಎರಡನೆಯದು 95ರ ಆಸುಪಾಸು. 48ರ ಶಬ್ದ ಗೋಡೆಗಳ ಬಳಿ ದಪ್ಪವಾಗಿ ಕೇಳುತ್ತದೆ, ಸರಿ ಮಧ್ಯದಲ್ಲಿ ಮಾಯವಾಗುತ್ತದೆ. 95ರದ್ದು ಗೋಡೆಗಳ ಬಳಿಯೂ ಜೋರು, ಮಧ್ಯದಲ್ಲೂ ಜೋರು. ನಿಮ್ಮ ಕುರ್ಚಿ ಇರುವುದು ಅದೇ ಮಧ್ಯದಲ್ಲಿ. ಬೇಸ್ ಗಿಟಾರಿನ ಕೆಳಗಿನ ಜಿ ಸ್ವರ 49 ಹರ್ಟ್ಜ್. ಕಿಕ್ ಡ್ರಮ್‌ನ ದಮ್ಮು ಕೂಡ ಹೆಚ್ಚಾಗಿ 50-60ರ ಹತ್ತಿರವೇ ಇರುತ್ತದೆ. ಅಲ್ಲಿ ನಿಮಗೆ ಏನೂ ಕೇಳುವುದಿಲ್ಲ, ಆದ್ದರಿಂದ ಏರಿಸುತ್ತೀರಿ. ಕಾರಿನ ಮುಚ್ಚಿದ ಡಬ್ಬಿಯಂಥ ಜಾಗ ಬೇಸನ್ನು ತಾನೇ ಬೇರೆ ಎತ್ತಿಕೊಡುತ್ತದೆ. ನೀವು ಏರಿಸಿದ್ದು, ಕಾರು ಏರಿಸಿದ್ದು ಎರಡೂ ಸೇರಿ ಗುಂಯ್.

ನಂಬಿಕೆ ಬಾರದಿದ್ದರೆ ಈಗಲೇ ಪರೀಕ್ಷೆ ಮಾಡಿ. ರೆಕಾರ್ಡಿಂಗ್ ಸಾಫ್ಟ್‌ವೇರ್‌ನ ಟೋನ್ ಜನರೇಟರ್‌ನಲ್ಲಿ 48 ಹರ್ಟ್ಜ್ ಸೈನ್ ಟೋನ್ ಹಾಕಿ. ಶಬ್ದ ಸಣ್ಣದಿರಲಿ, ವೂಫರ್ (ಸ್ಪೀಕರಿನ ಬೇಸ್ ನುಡಿಸುವ ದೊಡ್ಡ ಕೋನು) ಒದ್ದಾಡಬಾರದು. ಎದುರಿನ ಗೋಡೆಯಿಂದ ಹಿಂದಿನ ಗೋಡೆಯವರೆಗೆ ನಿಧಾನ ನಡೆದು ಹೋಗಿ. ಗೋಡೆ ಹತ್ತಿರ ಎದೆಗೆ ತಾಗುವ ಸ್ವರ ಕುರ್ಚಿಯ ಹತ್ತಿರ ಬಂದಾಗ ಆರಿದ ಹಾಗೆ ಆಗುತ್ತದೆ. ಈ ಪರೀಕ್ಷೆಯನ್ನು ಎಷ್ಟು ವಿವರಿಸಿದರೂ ಪ್ರಯೋಜನ ಕಮ್ಮಿ, ಒಮ್ಮೆ ನಡೆದವರಿಗೆ ಮತ್ತೆ ಹೇಳಬೇಕಾಗಿಲ್ಲ.

ನಮ್ಮ ಕಡೆಯ ಮನೆಗಳಲ್ಲಿ ಇದು ಯಾಕೆ ಇಷ್ಟು ಜೋರು? ವಿದೇಶದ ವಿಡಿಯೋಗಳಲ್ಲಿ ತೋರಿಸುವ ಕೋಣೆಗಳು ಬಹಳಷ್ಟು ಮರದ ಚೌಕಟ್ಟಿಗೆ ಜಿಪ್ಸಂ ಬೋರ್ಡ್ ಹೊಡೆದವು. ಆ ಬೋರ್ಡ್ ತಾನೂ ಸ್ವಲ್ಪ ಅದುರುತ್ತದೆ. ಬೇಸ್ ಒಂದಷ್ಟು ಅದರಲ್ಲೇ ಸವೆಯುತ್ತದೆ, ಒಂದಷ್ಟು ಹೊರಗೆ ಹೋಗುತ್ತದೆ. ಮುರಕಲ್ಲು, ಸಿಮೆಂಟ್ ಸಾರಣೆ, ತಾರಸಿ ಇದ್ದಲ್ಲಿ ಅದಕ್ಕೆ ಹೋಗಲು ದಾರಿಯಿಲ್ಲ. ಹೊಡೆದದ್ದು ಪೂರ್ತಿ ವಾಪಸ್. ಹಾಗಾಗಿ ಅವರು "ಮೂಲೆಗೆ ಎರಡು ಪ್ಯಾನೆಲ್ (ಶಬ್ದ ಹೀರುವ ಹಲಗೆ) ಸಾಕು" ಅಂದದ್ದನ್ನು ಇಲ್ಲಿ ಹಾಗೆಯೇ ನಂಬಬೇಡಿ. ನಮಗೆ ಜಾಸ್ತಿ ಬೇಕು, ದಪ್ಪವೂ ಜಾಸ್ತಿ ಬೇಕು.

ಅಗಲವೂ ಎತ್ತರವೂ 10 ಅಡಿ ಇರುವುದು ಇನ್ನೊಂದು ತೊಂದರೆ. ಎರಡೂ ದಿಕ್ಕಿನ ಮೋಡ್ 57 ಹರ್ಟ್ಜ್‌ನಲ್ಲೇ ಬಂದು ಕೂರುತ್ತದೆ. ಅಗಲದ್ದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಎರಡು ಸ್ಪೀಕರ್ ಎಡಬಲ ಸಮನಾಗಿದ್ದು, ಬೇಸ್ ಎರಡರಲ್ಲೂ ಒಂದೇ ರೀತಿ ಬರುತ್ತಿದ್ದರೆ ಅಗಲದ ಮೊದಲ ಮೋಡ್ ಹೆಚ್ಚುಕಮ್ಮಿ ಏಳುವುದೇ ಇಲ್ಲ. ಒಂದು ಸ್ಪೀಕರ್ ಒತ್ತಿದ್ದನ್ನು ಇನ್ನೊಂದು ಕಳೆಯುತ್ತದೆ. ಎತ್ತರದ್ದನ್ನು ಮಾತ್ರ ತಾರಸಿಯ ಕೆಳಗೆ ಪ್ಯಾನೆಲ್ ತೂಗಿಸಿ ಸ್ವಲ್ಪ ಪಳಗಿಸಬಹುದು.

ಈಗ ಕೆಲಸ. ಖರ್ಚಿಲ್ಲದ್ದು ಮೊದಲು. ಮೇಜು 10 ಅಡಿ ಅಗಲದ ಗೋಡೆಗೆ ಮುಖ ಮಾಡಿರಲಿ, 12 ಅಡಿಯ ಉದ್ದ ನಿಮ್ಮ ಬೆನ್ನ ಹಿಂದೆ ಹರಡಲಿ. ತಲೆ ಎದುರಿನ ಗೋಡೆಯಿಂದ ಸುಮಾರು ನಾಲ್ಕೂವರೆ ಅಡಿಗೆ ಬರುವಂತೆ ಕುರ್ಚಿ ಮುಂದೆ ತನ್ನಿ. ಇದು ಉದ್ದದ 38 ಶೇಕಡಾ. ಸ್ಟುಡಿಯೋ ಕಟ್ಟುವವರು ಬಹಳ ಕಾಲದಿಂದ ಇಲ್ಲಿಂದ ಶುರು ಮಾಡುತ್ತಾರೆ. ಆದರೆ ಅದು ಶುರು ಮಾತ್ರ. ಅಳತೆ ತೆಗೆಯುವಾಗ ಅರ್ಧ ಅಡಿ ಹಿಂದೆ ಮುಂದೆ ಮಾಡಿ ನೋಡಿದರೆ ಇನ್ನೂ ಒಳ್ಳೆ ಜಾಗ ಸಿಕ್ಕೇ ಸಿಗುತ್ತದೆ. ಎಡಬಲದಲ್ಲಿ ಮಾತ್ರ ಮೇಷರ್‌ಟೇಪ್ ಹಿಡಿದು ಸರಿ ನಡುವೆ ಕೂರಿ. ಎಡಗಡೆ ಕಿಟಕಿ, ಬಲಗಡೆ ಬರೀ ಗೋಡೆ ಇದ್ದರೆ ಹಾಡುವವರ ಸ್ವರ ಒಂದು ಕಡೆ ವಾಲಿದಂತೆ ಕೇಳುತ್ತದೆ. ಆಗ ಎರಡೂ ಕಡೆ ಒಂದೇ ತರದ ಪ್ಯಾನೆಲ್ ಬೇಕು. ಕಿಟಕಿಯ ಎದುರು ನಿಲ್ಲಿಸುವ ಹಾಗೆ ಕಾಲಿರುವ ಪ್ಯಾನೆಲ್ ಮಾಡಿಸಿದರೆ ಹಗಲು ತೆಗೆದಿಡಬಹುದು.

ಸ್ಪೀಕರ್ ಗೋಡೆಯಿಂದ ಎಷ್ಟು ದೂರ? "ದೂರ ಇದ್ದಷ್ಟು ಒಳ್ಳೆಯದು" ಎಂದು ಯಾರೋ ಹೇಳಿರಬೇಕು, ಎರಡೂವರೆ ಅಡಿ ಬಿಟ್ಟಿದ್ದೀರಿ. ಬೇಸ್ ಸ್ಪೀಕರಿನ ಹಿಂದಕ್ಕೂ ಹೋಗುತ್ತದೆ, ಗೋಡೆಗೆ ಬಡಿದು ಬರುತ್ತದೆ. ಅಂತರದ ನಾಲ್ಕು ಪಟ್ಟು ಉದ್ದದ ಅಲೆ ಯಾವುದೋ, ಅದು ವಾಪಸ್ ಬರುವಾಗ ಸರಿಯಾಗಿ ಉಲ್ಟಾ ಆಗಿ ನೇರ ಶಬ್ದವನ್ನು ಕಳೆಯುತ್ತದೆ, ಆ ಸ್ವರದಲ್ಲಿ ಹಳ್ಳದಂಥ ಗುಂಡಿ ಬೀಳುತ್ತದೆ. ವೂಫರ್‌ನ ಮುಖ ಗೋಡೆಯಿಂದ ಎರಡೂವರೆ ಅಡಿ ಇದ್ದರೆ ಆ ಗುಂಡಿ ಸುಮಾರು 115 ಹರ್ಟ್ಜ್‌ಗೆ ಬೀಳುತ್ತದೆ. ಗಂಡಸರ ಸ್ವರದ ಬುಡ, ಬೇಸ್ ಗಿಟಾರಿನ ಮೈ ಎಲ್ಲ ಅಲ್ಲೇ ಇರುವುದು. ದೂರ ಮಾಡಿದಷ್ಟೂ ಗುಂಡಿ ಕೆಳಗಿಳಿಯುತ್ತದೆ. ಚಿಕ್ಕ ಕೋಣೆಯಲ್ಲಿ ಅದನ್ನು ಕೆಳಗೆ ದಾಟಿಸಿಬಿಡುವಷ್ಟು ಜಾಗವೇ ಇಲ್ಲ. ಹಾಗಾಗಿ ಉಲ್ಟಾ ಹೋಗಿ. ಗೋಡೆಗೆ ಹತ್ತಿರ ತನ್ನಿ. ಪೆಟ್ಟಿಗೆಯ ಹಿಂದೆ ನಾಲ್ಕೈದು ಇಂಚು ಬಿಟ್ಟು ಇಟ್ಟರೆ ವೂಫರ್‌ನ ಮುಖ ಗೋಡೆಯಿಂದ 14-15 ಇಂಚಿಗೆ ಬರುತ್ತದೆ. ಗುಂಡಿ 240 ಹರ್ಟ್ಜ್ ಆಸುಪಾಸಿಗೆ ಏರುತ್ತದೆ. ಆ ಎತ್ತರದಲ್ಲಿ ಸ್ಪೀಕರ್ ಹಿಂದಿನ ಒಂದು ನಾಲ್ಕಿಂಚಿನ ಪ್ಯಾನೆಲ್ ಅದನ್ನು ತುಂಬ ಮಟ್ಟಿಗೆ ಹೀರಿಕೊಳ್ಳುತ್ತದೆ. 115ರಲ್ಲಿ ಅದೇ ಪ್ಯಾನೆಲ್ ಹೆಚ್ಚೇನೂ ಮಾಡುವುದಿಲ್ಲ. ಗೋಡೆಗೆ ತಂದಾಗ ಒಟ್ಟು ಬೇಸ್ ಏರುತ್ತದೆ, ಅದಕ್ಕೇ ಮಾನಿಟರ್‌ನ ಹಿಂದೆ ಮೈನಸ್ 2, ಮೈನಸ್ 4 ಎಂದು ಬರೆದ ಸ್ವಿಚ್ ಇರುತ್ತದೆ. ಬಹಳ ಜನ ಅದನ್ನು ಮುಟ್ಟುವುದೇ ಇಲ್ಲ. ಇಲ್ಲಿ ಮುಟ್ಟಿ.

ಸಾಧ್ಯವಾದರೆ ಸ್ಪೀಕರ್‌ಗಳನ್ನು ಮೇಜಿನಿಂದ ಇಳಿಸಿ ಸ್ಟ್ಯಾಂಡ್ ಮೇಲೆ ಇಡಿ. ಮೇಜಿನ ಹಲಗೆಗೆ ಬಡಿದು ಬರುವ ಶಬ್ದ ಮಧ್ಯದ ಸ್ವರಗಳನ್ನು ಕೆಡಿಸುತ್ತದೆ. ಟ್ವೀಟರ್ (ಮೇಲಿನ ಸ್ವರ ನುಡಿಸುವ ಚಿಕ್ಕ ಭಾಗ) ಕಿವಿಯ ಎತ್ತರಕ್ಕೆ ಇರಲಿ. ಎರಡು ಸ್ಪೀಕರ್, ನಿಮ್ಮ ತಲೆ, ಮೂರರ ನಡುವಿನ ಅಂತರ ಹೆಚ್ಚುಕಮ್ಮಿ ಸಮ ಇರಲಿ.

ಇನ್ನು ಚೆಂಡೆ. ಒಂದಿಂಚಿನ ಫೋಮ್ ಸಣ್ಣ ಅಲೆಗಳನ್ನು ಮಾತ್ರ ತಿನ್ನುತ್ತದೆ. ತಾಳದ ಝಣ, ಚೆಂಡೆಯ ಕೋಲು ಬೀಳುವ ಮೊನಚು, ಸ್ವರದ ಸಕಾರ, ಇವೆಲ್ಲ ಅದರ ಆಹಾರ. ಕೆಳಗಿನ ಸ್ವರಗಳಿಗೆ ಅದು ಗೋಡೆಯ ಮೇಲಿನ ಬಣ್ಣಕ್ಕೆ ಸಮ. ನಾಲ್ಕು ಗೋಡೆಗೂ ಅದನ್ನೇ ಅಂಟಿಸಿದಾಗ ಕೋಣೆ ಮಂಕಾಗುತ್ತದೆ. 200ರಿಂದ 500ರ ನಡುವಿನ ಗಲಗಲ ಹಾಗೆಯೇ ಉಳಿಯುತ್ತದೆ. ಮಂಕನ್ನು ಕಳೆಯಲು ನೀವು ಚೆಂಡೆಗೂ ತಾಳಕ್ಕೂ ಮೇಲಿನ ಸ್ವರ ಕೊಡುತ್ತೀರಿ. ಅದು ಕೋಣೆಯಲ್ಲಿ ಹದವಾಗಿ, ಮೊಬೈಲ್‌ನಲ್ಲಿ ಸೂಜಿಯಾಗಿ ಕೇಳುತ್ತದೆ. ಎದುರುಗಡೆ ಕೂತು ಆಟ ನೋಡಿದವರಿಗೆ ಚೆಂಡೆ ಎಷ್ಟು ಜೋರಾದರೂ ಹಾಗೆ ಚುಚ್ಚುವುದಿಲ್ಲ ಎಂದು ಗೊತ್ತು. ಆ ನೆನಪನ್ನೇ ಅಳತೆಗೋಲು ಮಾಡಿಕೊಳ್ಳಿ.

ಫೋಮ್ ಕಿತ್ತುಹಾಕಿ. ಎರಡು ಕಾರಣಕ್ಕೆ ಅದು ನನಗೆ ಇಷ್ಟವಿಲ್ಲ. ಒಂದು, ಬೆಂಕಿ ತಗುಲಿದರೆ ಸಾದಾ ಪಾಲಿಯೂರಿಥೇನ್ ಫೋಮ್ ಭರಭರ ಉರಿದು ವಿಷದ ಹೊಗೆ ಬಿಡುತ್ತದೆ. ಪ್ಲಗ್ ಪಾಯಿಂಟ್, ಎಕ್ಸ್‌ಟೆನ್ಶನ್ ಬೋರ್ಡ್ ತುಂಬಿದ ಚಿಕ್ಕ ಕೋಣೆಗೆ ಅದು ಬೇಡ. ಎರಡು, ಹೊರಗೋಡೆಗೆ ಅಂಟಿಸಿದ್ದರೆ ಮಳೆಗಾಲದಲ್ಲಿ ಅದರ ಬೆನ್ನಿಗೆ ಬೂಷ್ಟು ಹಿಡಿಯುತ್ತದೆ. ಮೊಟ್ಟೆ ಟ್ರೇ, ಥರ್ಮೋಕೋಲ್ ಬಗ್ಗೆ ನೀವು ಕೇಳಲಿಲ್ಲ, ಒಳ್ಳೆಯದಾಯಿತು.

ಅದರ ಬದಲಿಗೆ ಕಲ್ಲಿನ ನೂಲಿನಿಂದ ಮಾಡಿದ ರಾಕ್‌ವೂಲ್. ಕಾರ್ಖಾನೆ ಪೈಪುಗಳಿಗೆ, ಎಸಿ ಡಕ್ಟ್‌ಗಳಿಗೆ ಇನ್ಸುಲೇಶನ್ ಮಾಡುವವರ ಬಳಿ ಸಿಗುತ್ತದೆ. ಮಂಗಳೂರಿನ ಬೈಕಂಪಾಡಿ ಕಡೆ ಅಥವಾ ಬಂದರಿನ ಹಾರ್ಡ್‌ವೇರ್ ಅಂಗಡಿಗಳಲ್ಲಿ ವಿಚಾರಿಸಿ. ಸ್ಟುಡಿಯೋಗೆ ಎಂದು ಹೇಳುವುದಕ್ಕಿಂತ "ರಾಕ್‌ವೂಲ್ ಸ್ಲ್ಯಾಬ್, 48 ಡೆನ್ಸಿಟಿ, ಎರಡಿಂಚು" ಎಂದು ಕೇಳಿದರೆ ಕೆಲಸ ಬೇಗ ಆಗುತ್ತದೆ. 48 ಅಂದರೆ ಘನ ಮೀಟರಿಗೆ 48 ಕೆಜಿ. ಗಟ್ಟಿಯಾದಷ್ಟೂ ಒಳ್ಳೆಯದು ಅಂದುಕೊಂಡು 96 ತರಬೇಡಿ. ದಪ್ಪ ಪದರಕ್ಕೆ ಹಗುರದ್ದೇ ವಾಸಿ, ಇಲ್ಲವಾದರೆ ಅಲೆ ಒಳಗೆ ಹೋಗದೆ ಮೇಲ್ಮೈಯಿಂದಲೇ ತಿರುಗಿಬಿಡುತ್ತದೆ. ಕತ್ತರಿಸುವಾಗ ಮಾಸ್ಕ್, ಕೈಗವಸು, ತುಂಬುತೋಳಿನ ಅಂಗಿ ಹಾಕಿಕೊಳ್ಳಿ. ತುರಿಕೆ ಹತ್ತಿದರೆ ಎರಡು ದಿನ ಬಿಡುವುದಿಲ್ಲ.

ದಪ್ಪ ಯಾಕೆ ಮುಖ್ಯ? ಹೀರುವ ವಸ್ತು ಅಲೆಯ ಕಾಲುಭಾಗದಷ್ಟು ದೂರದವರೆಗೆ ಚಾಚಿದ್ದರೆ ಚೆನ್ನಾಗಿ ಕೆಲಸ ಮಾಡುತ್ತದೆ. 100 ಹರ್ಟ್ಜ್ ಅಲೆಯ ಕಾಲುಭಾಗ 87 ಸೆಂಟಿಮೀಟರ್, ಅಂದರೆ ಮೂರಡಿಗೆ ಸ್ವಲ್ಪ ಕಮ್ಮಿ. ಅಷ್ಟು ದಪ್ಪದ ಪ್ಯಾನೆಲ್ ಇಟ್ಟರೆ ನೀವು ಹೊರಗೆ ಕೂರಬೇಕು. ಅದಕ್ಕೇ ಮೂಲೆಗಳನ್ನು ಹಿಡಿಯುವುದು. ಎಲ್ಲ ಮೋಡ್‌ಗಳೂ ಮೂಲೆಯಲ್ಲಿ ಬಂದು ಸೇರುತ್ತವೆ, ಅಲ್ಲಿ ಆಳವೂ ಸಿಗುತ್ತದೆ. ಸ್ಲ್ಯಾಬನ್ನು ಎರಡಡಿ ಚೌಕ ಮಾಡಿ ಕರ್ಣಕ್ಕೆ ಕತ್ತರಿಸಿ. ಆ ತ್ರಿಕೋನಗಳನ್ನು ನೆಲದಿಂದ ತಾರಸಿಯವರೆಗೆ ಮೂಲೆಯಲ್ಲಿ ಪೇರಿಸಿ, ಎದುರಿಗೆ ರೀಪಿನ ಚೌಕಟ್ಟು ಹೊಡೆದು ಬಟ್ಟೆ ಕಟ್ಟಿ. ಬಟ್ಟೆಯ ಒಳಗೆ ತೆಳ್ಳಗಿನ ಪ್ಲಾಸ್ಟಿಕ್ ಹಾಳೆ ಇದ್ದರೆ ಬೇಸ್ ಒಳಗೆ ಹೋಗುತ್ತದೆ, ಮೇಲಿನ ಸ್ವರ ತಿರುಗಿ ಕೋಣೆಗೆ ಬರುತ್ತದೆ. ಮಂಕಾಗುವ ಭಯ ಇಲ್ಲ, ನೂಲೂ ಉದುರುವುದಿಲ್ಲ. ನಾಲ್ಕು ಮೂಲೆಯಲ್ಲಿ ಒಂದರಲ್ಲಿ ಬಾಗಿಲು ಇರುತ್ತದೆ, ಅದು ಎಲ್ಲರ ಮನೆಯ ಕಥೆ. ಉಳಿದ ಮೂರಕ್ಕೆ ಮಾಡಿ.

ಎರಡನೇ ಜಾಗ ಬೆನ್ನ ಹಿಂದಿನ ಗೋಡೆ. ಅಲ್ಲಿ ಎಷ್ಟು ದಪ್ಪ ಸಾಧ್ಯವೋ ಅಷ್ಟು: ಆರಿಂಚು ರಾಕ್‌ವೂಲ್, ಅದರ ಹಿಂದೆ ಎರಡಿಂಚು ಖಾಲಿ ಜಾಗ. ಪಕ್ಕದ ಗೋಡೆಗಳಿಗೆ ಪ್ಯಾನೆಲ್ ಎಲ್ಲಿ ಎಂದು ತಿಳಿಯಲು ಕನ್ನಡಿ ಸಾಕು. ನೀವು ಕುರ್ಚಿಯಲ್ಲಿ ಕೂರಿ, ಇನ್ನೊಬ್ಬರು ಗೋಡೆಗೆ ಕನ್ನಡಿ ಒತ್ತಿ ಸರಿಸುತ್ತಾ ಹೋಗಲಿ. ಸ್ಪೀಕರ್ ಕಂಡ ಜಾಗದಲ್ಲಿ ಪೆನ್ಸಿಲ್ ಗುರುತು, ಅಲ್ಲೇ ನಾಲ್ಕಿಂಚಿನ ಪ್ಯಾನೆಲ್. ತಲೆಯ ಮೇಲೆ ತಾರಸಿಗೂ ಇದೇ ಲೆಕ್ಕ, ಒಂದು ಪ್ಯಾನೆಲನ್ನು ನಾಲ್ಕಿಂಚು ಕೆಳಗೆ ತೂಗಿಸಬೇಕು. ಇಲ್ಲಿ ಅಡ್ಡ ಬರುವುದು ಸೀಲಿಂಗ್ ಫ್ಯಾನ್. ನಮ್ಮ ಸೆಕೆಯಲ್ಲಿ ಫ್ಯಾನೇ ಬೇಡ ಎಂದರೆ ಯಾರೂ ಕೇಳುವುದಿಲ್ಲ, ನಾನೂ ಹೇಳುವುದಿಲ್ಲ. ಆದರೆ ತಿರುಗುವ ರೆಕ್ಕೆಗೆ ಬಡಿದ ಶಬ್ದ ಅಲುಗುತ್ತಾ ಬರುತ್ತದೆ, ಉದ್ದ ಹಿಡಿದ ಶ್ರುತಿಯಲ್ಲಿ ಅದು ಗೊತ್ತಾಗುತ್ತದೆ. ಹಿಂದಿನ ಗೋಡೆಗೆ ವಾಲ್ ಫ್ಯಾನ್ ಹಾಕಿಸಿ, ಮೇಲಿನ ಕೊಕ್ಕೆಗೆ ಪ್ಯಾನೆಲ್ ತೂಗಿಸಿ.

ಇದರಿಂದ ಹೊರಗಿನ ಸದ್ದು ನಿಲ್ಲುತ್ತದೆಯೇ ಅಂದರೆ, ಇಲ್ಲ. ಹೈವೇಯ ಲಾರಿ, ಪಕ್ಕದ ಬೀದಿಯ ಜಾತ್ರೆಯ ಮೈಕು ನಿಲ್ಲಬೇಕಾದರೆ ಭಾರ ಬೇಕು, ಬಾಗಿಲು ಕಿಟಕಿಯ ಸಂದು ಮುಚ್ಚಬೇಕು. ಅದು ಬೇರೆಯೇ ಕೆಲಸ.

ಮಳೆಗಾಲದ ಮಾತು ಹೇಳದೆ ಬಿಡುವಂತಿಲ್ಲ. ವರ್ಷಕ್ಕೆ 3500 ಮಿಲಿಮೀಟರ್‌ಗೂ ಜಾಸ್ತಿ ಮಳೆ ಬೀಳುವ ಊರಿನಲ್ಲಿ ಹೊರಗೋಡೆ ಒಳಗೂ ತೇವ ಬಿಡುತ್ತದೆ. ರಾಕ್‌ವೂಲ್ ಕಲ್ಲಿನ ನೂಲು, ಅದಕ್ಕೆ ತಾನಾಗಿ ಬೂಷ್ಟು ತಿನ್ನಲು ಏನಿಲ್ಲ. ಆದರೆ ಅದರ ಮೇಲಿನ ಬಟ್ಟೆ, ಮರ, ಕೂತ ಧೂಳಿಗೆ ಹಿಡಿಯುತ್ತದೆ. ಗೋಣಿಬಟ್ಟೆ ನೋಡಲು ಚಂದ, ಜೋರು ಮಳೆಯ ಆಟಿ ತಿಂಗಳಲ್ಲಿ ವಾಸನೆ ಬರುತ್ತದೆ. ಗಾಳಿ ಆಡುವ ಪಾಲಿಯೆಸ್ಟರ್ ಬಟ್ಟೆ ಹಾಕಿ. ಬಾಯಿಗೆ ಹಚ್ಚಿ ಊದಿದರೆ ಉಸಿರು ಆಚೆ ಹೋಗಬೇಕು. ಪ್ಯಾನೆಲ್ ಗೋಡೆಗೆ ತಾಗದಂತೆ ಎರಡಿಂಚು ಬಿಡಿ, ಅದು ಬೇಸ್‌ಗೂ ಒಳ್ಳೆಯದು, ಗೋಡೆಗೂ ಒಳ್ಳೆಯದು. ರೀಪಿಗೆ ಗೆದ್ದಲಿನ ಎಣ್ಣೆ ಹೊಡೆಸಿ. ಕೆಲಸ ಶುರು ಮಾಡುವುದಿದ್ದರೆ ಮೇ ಕೊನೆಗೆ ಬರುವ ಪತ್ತನಾಜೆಯ ಒಳಗೆ ಮುಗಿಸಿಬಿಡಿ. ಮಳೆಯಲ್ಲಿ ಮುಚ್ಚಿದ ತೇವ ಮುಂದಿನ ಬೇಸಗೆಯವರೆಗೂ ಅಲ್ಲೇ ಇರುತ್ತದೆ.

ಈಗ ಅಳತೆ. ಕೋಣೆಯ ಶಬ್ದ ಅಳೆಯುವ ರೂಮ್ ಈಕ್ಯೂ ವಿಝರ್ಡ್ ಎಂಬ ಸಾಫ್ಟ್‌ವೇರ್ ಉಚಿತ. ಬೇಕಾದ್ದು ಒಂದು ಮೆಷರ್‌ಮೆಂಟ್ ಮೈಕ್. ಮಿನಿಡಿಎಸ್‌ಪಿ ಕಂಪನಿಯ ಯುಮಿಕ್-1 ನೇರ ಯುಎಸ್‌ಬಿಗೆ ಸಿಗಿಸುವಂಥದ್ದು. ಅದರ ಸೀರಿಯಲ್ ನಂಬರಿಗೆ ತಕ್ಕ ತಿದ್ದುಪಡಿ ಫೈಲ್ ಸಿಗುತ್ತದೆ. ಹಾಡು ರೆಕಾರ್ಡ್ ಮಾಡುವ ಕಂಡೆನ್ಸರ್ ಮೈಕ್ ಇದಕ್ಕಾಗದು, ಅದಕ್ಕೆ ಅದರದ್ದೇ ಬಣ್ಣ ಇರುತ್ತದೆ. ನೀವು ಮೂರರಲ್ಲಿ ಒಂದನ್ನು ಕೊಳ್ಳಲೇ ಎಂದು ಕೇಳಿದ್ದಿರಿ. ನಾಲ್ಕನೆಯದಾಗಿ ಈ ಮೈಕನ್ನು ಕೊಳ್ಳಿ ಅನ್ನುತ್ತೇನೆ. ಪ್ಯಾನೆಲ್ ಮಾಡಿಸುವ ಮೊದಲೇ ಕೊಳ್ಳಿ, ಆಗ ಮೊದಲು ಹೇಗಿತ್ತು ಎನ್ನುವುದಕ್ಕೆ ದಾಖಲೆ ಇರುತ್ತದೆ.

ಮೈಕನ್ನು ನಿಮ್ಮ ತಲೆ ಇರುವ ಜಾಗದಲ್ಲಿ, ಕಿವಿಯ ಎತ್ತರಕ್ಕೆ ನಿಲ್ಲಿಸಿ. ಫ್ಯಾನ್, ಎಸಿ ಆಫ್. ಲಾರಿ ಓಡಾಟ ಕಮ್ಮಿಯಾದ ರಾತ್ರಿ ಹೊತ್ತು ಒಳ್ಳೆಯದು, ಮಳೆ ಸುರಿಯುವಾಗ ಬೇಡ. ಸದ್ದು ತಪ್ಪಿಸಲಾಗದಿದ್ದರೆ ಸ್ವೀಪ್ (ಕೆಳಗಿನ ಸ್ವರದಿಂದ ಮೇಲಿನದಕ್ಕೆ ಏರುವ ಪರೀಕ್ಷೆಯ ಶಬ್ದ) ಉದ್ದ ಮಾಡಿ, ಉದ್ದ ಇಮ್ಮಡಿಯಾದಾಗೆಲ್ಲ ಹಿನ್ನೆಲೆ ಗದ್ದಲ 3 ಡೆಸಿಬೆಲ್ ತಗ್ಗಿದಷ್ಟು ಲಾಭ. ಎಡ ಒಂದು, ಬಲ ಒಂದು, ಎರಡೂ ಸೇರಿ ಒಂದು, ಹೀಗೆ ಬೇರೆ ಬೇರೆ ತೆಗೆದು ದಿನಾಂಕ ಹಾಕಿ ಉಳಿಸಿ. ಗ್ರಾಫ್ ನೋಡುವಾಗ 300 ಹರ್ಟ್ಜ್ ಕೆಳಗೆ ಸ್ಮೂತಿಂಗ್ (ಗೆರೆಯ ಏರಿಳಿತವನ್ನು ನಯ ಮಾಡಿ ತೋರಿಸುವುದು) ಹಾಕಬೇಡಿ. ಸ್ಮೂತಿಂಗ್ ಹಾಕಿದರೆ ಎಲ್ಲರ ಕೋಣೆಯೂ ಸುಂದರವೇ. 50, 100ರಲ್ಲಿ ಸೂಜಿಯಂಥ ಗೆರೆ ಎದ್ದಿದ್ದರೆ ಅದು ಕೋಣೆಯದ್ದಲ್ಲ, ಕರೆಂಟಿನ ಹಮ್. ಅರ್ಥಿಂಗ್ ನೋಡಿಸಿ. ಹಮ್ ಹೋಗಲಿ ಎಂದು ಪ್ಲಗ್ಗಿನ ಅರ್ಥ್ ಪಿನ್ ಕೀಳುವವರಿದ್ದಾರೆ, ಆ ಕೆಲಸ ಯಾವತ್ತೂ ಮಾಡಬೇಡಿ.

ಗೆರೆ ನೇರ ಬರಬೇಕು ಎಂದು ಹಟ ಹಿಡಿಯಬೇಡಿ. ನಿಮ್ಮಂಥ ಕೋಣೆಯಲ್ಲಿ 200 ಹರ್ಟ್ಜ್‌ಗಿಂತ ಕೆಳಗಿನ ಏರಿಳಿತ ಪ್ಲಸ್-ಮೈನಸ್ 6 ಡೆಸಿಬೆಲ್ ಒಳಗೆ ಬಂದರೆ ನಾನು ಖುಷಿಪಡುತ್ತೇನೆ. ಅದಕ್ಕಿಂತ ಮುಖ್ಯ ವಾಟರ್‌ಫಾಲ್ ಗ್ರಾಫ್, ಅಂದರೆ ಯಾವ ಸ್ವರ ಎಷ್ಟು ಹೊತ್ತು ಎಳೆಯುತ್ತದೆ ಎಂಬ ಚಿತ್ರ. 48, 57, 95ರಲ್ಲಿ ಉದ್ದ ಬಾಲಗಳು ಕಾಣುತ್ತವೆ. ರಾಕ್‌ವೂಲ್‌ನ ನಿಜವಾದ ಫಲ ಗೊತ್ತಾಗುವುದು ಬಾಲ ಗಿಡ್ಡ ಆದಾಗ. ಮದ್ದಳೆಯ ಒಂದು ಪೆಟ್ಟು ಮುಂದಿನ ಪೆಟ್ಟಿನ ಮೇಲೆ ಬೀಳುವುದು ನಿಲ್ಲುತ್ತದೆ. ಮಧ್ಯದ ಸ್ವರಗಳಲ್ಲಿ ಶಬ್ದ ಆರಲು 0.2ರಿಂದ 0.3 ಸೆಕೆಂಡ್ ಹಿಡಿದರೆ ಹದ.

ಇಷ್ಟಾದ ಮೇಲೆ ಶಬ್ದದ ಮಟ್ಟ. ಇದನ್ನೇ ಬಹಳ ಜನ ಕ್ಯಾಲಿಬ್ರೇಶನ್ ಅಂದುಕೊಳ್ಳುತ್ತಾರೆ. ಮೈನಸ್ 20 ಡೆಸಿಬೆಲ್ ಆರ್‌ಎಂಎಸ್ (ಸಾಫ್ಟ್‌ವೇರ್ ಮೀಟರಿನಲ್ಲಿ ಕಾಣುವ ಸರಾಸರಿ) ಮಟ್ಟದ ಪಿಂಕ್ ನಾಯ್ಸ್, ಅಂದರೆ ಎಲ್ಲ ಸ್ವರಗಳೂ ಬೆರೆತ ಭೋರ್ಗರೆತವನ್ನು ಒಂದು ಸಲಕ್ಕೆ ಒಂದೇ ಸ್ಪೀಕರ್‌ನಲ್ಲಿ ಬಿಡಿ. ಶಬ್ದ ಅಳೆಯುವ ಮೀಟರ್ ಸಿ-ವೇಟಿಂಗ್ (ಬೇಸನ್ನೂ ಲೆಕ್ಕಕ್ಕೆ ಹಿಡಿಯುವ ಸೆಟ್ಟಿಂಗ್), ಸ್ಲೋ ಇರಲಿ. ಸಿನಿಮಾ ಮಿಕ್ಸ್ ಮಾಡುವ ದೊಡ್ಡ ಹಾಲ್‌ಗಳಲ್ಲಿ ಇದು 85 ಡೆಸಿಬೆಲ್. ನಿಮ್ಮ ಕೋಣೆಗೆ ಅದು ಅತಿ, 74-76 ಸಾಕು. ಎಡಬಲ ಅರ್ಧ ಡೆಸಿಬೆಲ್ ಒಳಗೆ ಹೊಂದಿಸಿ. ಮೊಬೈಲ್ ಆ್ಯಪ್ ಹೇಳುವ ಅಂಕಿ ನಂಬಬೇಡಿ, ಆದರೆ ಎಡ-ಬಲ ಹೋಲಿಸಲು ಅದು ನಡೆಯುತ್ತದೆ. ಆಡಿಯೋ ಇಂಟರ್‌ಫೇಸ್‌ನ ವಾಲ್ಯೂಮ್ ಗುಬ್ಬಿ ಆಗ ಎಲ್ಲಿದೆಯೋ ಅಲ್ಲಿ ಟೇಪ್ ಅಂಟಿಸಿ ಗುರುತು ಮಾಡಿ. ಬೇಸ್‌ನ ನಿರ್ಧಾರಗಳನ್ನೆಲ್ಲ ಆ ಗುರುತಿನಲ್ಲೇ ತೆಗೆದುಕೊಳ್ಳಿ. ಯಾಕೆಂದರೆ ಸಣ್ಣ ಶಬ್ದದಲ್ಲಿ ನಮ್ಮ ಕಿವಿಗೆ ಬೇಸ್ ಕಮ್ಮಿ ಕೇಳುತ್ತದೆ. ವಿಜ್ಞಾನಿಗಳಾದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದನ್ನು ಅಳೆದು ತೋರಿಸಿದ್ದಾರೆ. ರಾತ್ರಿ ಮನೆಯವರು ಮಲಗಿದ್ದಾರೆಂದು ಸಣ್ಣಗೆ ಇಟ್ಟು ಬೇಸ್ ಹೊಂದಿಸಿದ ಮಿಕ್ಸ್ ಬೆಳಗ್ಗೆ ಯಾಕೆ ಭಾರವಾಗಿ ಕೇಳುತ್ತದೆ ಎನ್ನುವುದು ಗೊತ್ತಾಯಿತಲ್ಲ.

ನೀವು ಕೇಳಿದ ಸಾಫ್ಟ್‌ವೇರಿನ ಪಾಳಿ ಕೊನೆಗೆ. ಸೌಂಡ್‌ಐಡಿ ರೆಫರೆನ್ಸ್ ತರದ್ದು ಕೆಟ್ಟದ್ದಲ್ಲ. ಆದರೆ ಈಗಿರುವ ಕುರ್ಚಿಯಲ್ಲಿ ಕೂತು ಅದನ್ನು ಹಾಕಿದರೆ 48ರ ಗುಂಡಿಯನ್ನು ತುಂಬಲು ಅದು ಬೇಸ್ ಏರಿಸುತ್ತಾ ಹೋಗುತ್ತದೆ. ಗುಂಡಿ ತುಂಬುವುದಿಲ್ಲ, ಎಷ್ಟು ಸುರಿದರೂ ಅಷ್ಟೇ ಉಲ್ಟಾ ಅಲೆ ಬಂದು ಕಳೆಯುತ್ತದೆ. 12 ಡೆಸಿಬೆಲ್ ಏರಿಸಲು 16 ಪಟ್ಟು ಪವರ್ ಬೇಕು, ಪಾಪ ಆ ವೂಫರ್. ಹಾಗಾಗಿ ನಿಯಮ ಇಷ್ಟೇ: ಗುಡ್ಡೆ ಕಡಿಯಿರಿ, ಗುಂಡಿ ಮುಟ್ಟಬೇಡಿ. 200-300 ಹರ್ಟ್ಜ್ ಕೆಳಗೆ ಮಾತ್ರ ಕಡಿಯಿರಿ. ಅದರ ಮೇಲೆ ತಲೆ ನಾಲ್ಕಿಂಚು ಸರಿದರೆ ಗ್ರಾಫ್ ಬೇರೆಯೇ ಆಗುತ್ತದೆ. ರೂಮ್ ಈಕ್ಯೂ ವಿಝರ್ಡ್ ತಾನೇ ಫಿಲ್ಟರ್ ಲೆಕ್ಕ ಹಾಕಿಕೊಡುತ್ತದೆ. ವಿಂಡೋಸ್ ಇದ್ದರೆ ಈಕ್ವಲೈಝರ್ ಎಪಿಒ ಎಂಬ ಉಚಿತ ಸಾಫ್ಟ್‌ವೇರ್‌ಗೆ ಅವನ್ನು ತುಂಬಬಹುದು, ಆದರೆ ನಿಮ್ಮ ರೆಕಾರ್ಡಿಂಗ್ ಸಾಫ್ಟ್‌ವೇರ್ ಆಸಿಯೋ ಡ್ರೈವರ್ (ವಿಂಡೋಸ್‌ನ ದಾರಿ ಬಿಟ್ಟು ಶಬ್ದವನ್ನು ನೇರ ಇಂಟರ್‌ಫೇಸ್‌ಗೆ ಕಳಿಸುವಂಥದ್ದು) ಬಳಸುತ್ತಿದ್ದರೆ ಅದು ಹಿಡಿಯುವುದಿಲ್ಲ. ಆಗ ಮಾಸ್ಟರ್‌ನ ಕೊನೆಗೆ ಒಂದು ಈಕ್ಯೂ (ಬೇಕಾದ ಸ್ವರ ಏರಿಳಿಸುವ) ಪ್ಲಗಿನ್ ಹಾಕಿ ಅದರಲ್ಲೇ ತುಂಬಿ. ಹಾಡು ಎಕ್ಸ್‌ಪೋರ್ಟ್ ಮಾಡುವಾಗ ಅದನ್ನು ಆಫ್ ಮಾಡಲು ಮರೆಯಬೇಡಿ. ಮರೆತರೆ ನಿಮ್ಮ ಕೋಣೆಗೆಂದು ಮಾಡಿದ ತಿದ್ದುಪಡಿ ಕೇಳುಗರ ಮನೆಗೆ ಹೋಗುತ್ತದೆ.

ಸಬ್‌ವೂಫರ್ ಯಾವತ್ತೂ ಬೇಡ ಎಂದಲ್ಲ. ಈಗ ತಂದರೆ, ಹೊರಹೋಗಲು ದಾರಿಯಿಲ್ಲದ ಕೋಣೆಗೆ ಇನ್ನಷ್ಟು ಬೇಸ್ ಸುರಿದಂತೆ. ಆ ದುಡ್ಡಿನಲ್ಲಿ ಮೂಲೆಗಳನ್ನು ತುಂಬಿ. ಆಮೇಲೂ 45ರ ಕೆಳಗಿನದ್ದು ಕೇಳಬೇಕು ಅನಿಸಿದರೆ ತನ್ನಿ. ಆಗ ಅದನ್ನು ಮೊದಲು ನಿಮ್ಮ ಕುರ್ಚಿಯ ಮೇಲೆ ಕೂರಿಸಿ, ಹಾಡು ಹಾಕಿ, ನೀವು ಗೋಡೆಯ ಬುಡದಲ್ಲಿ ಮಂಡಿಯೂರಿ ಕೇಳುತ್ತಾ ಹೋಗಿ. ಬೇಸ್ ಎಲ್ಲಿ ಸಮನಾಗಿ ಕೇಳುತ್ತದೋ ಅದೇ ಸಬ್‌ವೂಫರ್ ಇಡುವ ಜಾಗ. ನೋಡುವವರಿಗೆ ತಮಾಷೆ, ಆದರೆ ಕೆಲಸ ಮಾಡುತ್ತದೆ.

ಉಳಿದದ್ದು ಅಜ್ಜನ ಮನೆ. ಬಾಸೆಲ್ ಮಿಶನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದಾಗ ಬೇಸ್ ಬಗ್ಗೆ ಯೋಚಿಸಿರಲಿಕ್ಕಿಲ್ಲ. ಆದರೆ ಹಂಚಿನ ಮಾಡು ಮಿಕ್ಸ್ ಮಾಡುವವರಿಗೆ ಒಂದು ದೊಡ್ಡ ಉಪಕಾರ ಮಾಡುತ್ತದೆ. ಮಾಡು ಓರೆ, ಹಾಗಾಗಿ ನೆಲಕ್ಕೂ ಮೇಲಕ್ಕೂ ಎದುರುಬದುರು ಇಲ್ಲ. ಪಕ್ಕಾಸು ರೀಪುಗಳ ನಡುವಿನ ಹಂಚಿನ ಸಂದಿನಿಂದ ಬೇಸ್ ಸುಮ್ನೆ ಹೊರಗೆ ಹೋಗುತ್ತದೆ. ಮರದ ಮುಚ್ಚಿಗೆ ಇದ್ದರೂ ಹಲಗೆ ಅದುರಿ ಒಂದಷ್ಟು ತಿನ್ನುತ್ತದೆ. ಅದೇ ಸಂದಿನಿಂದ ಜೀರುಂಡೆ, ನವಿಲು, ಪಕ್ಕದ ತೋಟದ ಪಂಪು ಎಲ್ಲ ಒಳಗೆ ಬರುತ್ತದೆ, ಹಾಗಾಗಿ ಹಾಡು ರೆಕಾರ್ಡ್ ಮಾಡಲು ಅದು ಆಗದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಂಚಿನ ಮೇಲೆ ಮಳೆ ಬೀಳುವಾಗ ಎದುರಿಗೆ ಕೂತವರ ಮಾತೇ ಕೇಳುವುದಿಲ್ಲ. ಸ್ಟುಡಿಯೋ ಪೂರ್ತಿ ಸಾಗಿಸಬೇಡಿ. ಮಳೆ ಬಿಟ್ಟ ಮೇಲೆ ಒಂದು ದಿನ ಮಾನಿಟರ್, ಲ್ಯಾಪ್‌ಟಾಪ್, ಹೊಸ ಮೈಕ್ ಮೂರನ್ನೂ ಕಾರಿಗೆ ಹಾಕಿಕೊಂಡು ಹೋಗಿ. ಚಾವಡಿಯಲ್ಲಿ ಅಲ್ಲ, ಒಳಗಿನ ಉದ್ದ ಕೋಣೆಯಲ್ಲಿ ಒಂದು ಸ್ವೀಪ್ ತೆಗೆದು ಅಂಬಲಪಾಡಿಯ ಗ್ರಾಫಿನ ಮೇಲೆ ಇಟ್ಟು ನೋಡಿ. 40ರಿಂದ 120ರ ನಡುವೆ ಗುಡ್ಡೆಗುಂಡಿ ಅಲ್ಲಿ ಅರ್ಧಕ್ಕರ್ಧ ಕಮ್ಮಿ ಇದ್ದರೆ, ಬೇಸಗೆಯಲ್ಲಿ ಮಿಕ್ಸ್‌ನ ಕೊನೆಯ ಸುತ್ತು ಅಲ್ಲಿ ಮಾಡಿ, ರೆಕಾರ್ಡಿಂಗ್ ಇಲ್ಲೇ ಇರಲಿ.